ಕಾಣಬಾರದ ಬೆಸುಗೆ

ನಾನು ನಿವೃತ್ತನಾಗುವುದಕ್ಕೆ ಸ್ವಲ್ಪ ಮೊದಲಿನ ಮಾತು. ಮುಂಬಯಿಯ ವಿಕ್ರೋಳಿಯಲ್ಲಿ ಹೋಟೆಲ್ ಅಡುಗೆಮನೆಗೆ ಸ್ಟೀಲ್ ಸಾಮಾನು ಮಾಡಿಕೊಡುವ ವರ್ಕ್‌ಶಾಪೊಂದರಲ್ಲಿ ವೆಲ್ಡಿಂಗ್ ಫೋರ್‌ಮನ್ ಆಗಿದ್ದೆ. ಮಾಟುಂಗದ ಹೋಟೆಲೊಂದರಿಂದ ಆವಿಯಲ್ಲಿ ಇಡ್ಲಿ ಬೇಯಿಸುವ ದೊಡ್ಡ ಪೆಟ್ಟಿಗೆಗೆ ಆರ್ಡರ್ ಬಂತು. ತಗಡು 1.2 ಮಿಲಿಮೀಟರ್ ದಪ್ಪದ ಸ್ಟೇನ್‌ಲೆಸ್.

ಕೆಲಸ ಬಿದ್ದದ್ದು ಸಿದ್ದಪ್ಪನ ಪಾಲಿಗೆ. ಬಾಗಲಕೋಟೆ ಕಡೆಯವನು, ದಪ್ಪ ಕಬ್ಬಿಣದಲ್ಲಿ ಪಳಗಿದ ಕೈ. ಅದೇ ಅಭ್ಯಾಸದಲ್ಲಿ ಒಂದು ತುದಿಯಿಂದ ಇನ್ನೊಂದು ತುದಿಗೆ ಒಂದೇ ಸಮನೆ ವೆಲ್ಡ್ ಎಳೆದುಬಿಟ್ಟ. ಸ್ಟೇನ್‌ಲೆಸ್ ಕಾವನ್ನು ಬೇಗ ಬಿಟ್ಟುಕೊಡುವ ಲೋಹವಲ್ಲ. ತಗಡು ಹಪ್ಪಳದ ಹಾಗೆ ಸೊಟ್ಟಗಾಯಿತು, ಹಿಂಬದಿ ಕರಕಲಾಯಿತು.

ವರ್ಕ್‌ಶಾಪಿನ ಮಾಲೀಕ ಸೇಟ್ ಬಂದು ನೋಡಿ, "ಔರ್ ಏಕ್ ಶೀಟ್ ಬಿಗಡಾ ತೋ ಇಸ್ಕೋ ಗಾಂವ್ ಭೇಜ್ ದೋ" ಅಂದ, ಇನ್ನೊಂದು ತಗಡು ಕೆಟ್ಟರೆ ಇವನನ್ನು ಊರಿಗೆ ಅಟ್ಟಿ ಎಂದು. ಸಿದ್ದಪ್ಪ ಆಗಷ್ಟೇ ಹೆಂಡತಿ ಮಗಳನ್ನು ಊರಿನಿಂದ ಕರೆತಂದು ಧಾರಾವಿಯಲ್ಲಿ ಬಾಡಿಗೆಗೆ ಒಂದು ಖೋಲಿ ಹಿಡಿದಿದ್ದ. ಅವನ ಮುಖ ನೋಡಲಾಗಲಿಲ್ಲ.

ರದ್ದಿ ತಗಡು ಕೊಟ್ಟು ಅವನನ್ನು ನಾನೇ ಕೂರಿಸಿಕೊಂಡೆ. ಕರೆಂಟನ್ನು ನಲವತ್ತೈದು ಆಂಪಿಯರಿಗೆ ಇಳಿಸಿದೆ. ಮೊದಲು ಹತ್ತಿರ ಹತ್ತಿರ ಚುಕ್ಕೆಯ ಹಾಗೆ ಟ್ಯಾಕ್, ಅಂದರೆ ತಗಡು ಅಲುಗದಂತೆ ಹಿಡಿಯುವ ಪುಟ್ಟ ಬೆಸುಗೆ, ಹಾಕಬೇಕು. ಕಾವು ಹೀರಲು ಹಿಂಬದಿಗೆ ತಾಮ್ರದ ಪಟ್ಟಿ ಕಟ್ಟಬೇಕು, ಗಾಳಿ ತಾಗದಂತೆ ಅಲ್ಲಿಗೂ ಆರ್ಗಾನ್ ಗ್ಯಾಸ್ ಬಿಡಬೇಕು. ಇಲ್ಲಿ ಒಂದಿಷ್ಟು, ಅಲ್ಲಿ ಒಂದಿಷ್ಟು ಬೆಸೆಯುತ್ತ ತಗಡಿಗೆ ಆರಲು ಪುರಸೊತ್ತು ಕೊಡಬೇಕು. ಬೈದೆ, ಮುನಿಸಿಕೊಂಡೆ, ಮತ್ತೆ ತೋರಿಸಿದೆ. ಕೊನೆಗೆ ಅವನು ಮಾಡಿದ ಪೆಟ್ಟಿಗೆಯ ಬೆಸುಗೆ ಎಷ್ಟು ಸಪಾಟಾಗಿತ್ತೆಂದರೆ, ನಿಜ ಹೇಳುತ್ತೇನೆ, ನನಗೆ ಹೊಟ್ಟೆಕಿಚ್ಚಾಯಿತು.

ಹೋಟೆಲಿನ ಧಣಿ ನೋಡಲು ಬಂದರು. ನಮ್ಮ ಕಡೆಯ ಹೋಟೆಲಿನವರಿಗೆ ಒಂದು ಚಟವಿದೆ: ಸ್ಟೀಲು ಕನ್ನಡಿಯಂತೆ ಹೊಳೆಯಬೇಕು, ಜೋಡಿಸಿದ ಗುರುತು ಎಲ್ಲೂ ಕಾಣಬಾರದು. "ಗಾಜಿನ ಅಡುಗೆಮನೆ ಮಾರಾಯ್ರೆ, ಗಿರಾಕಿ ನೋಡ್ತಾರೆ. ಈ ಗೆರೆ ತೆಗೀಬೇಕು" ಎಂದರು.

"ಗೆರಿ ಇರ್ಲಿ ಬಿಡ್ರೀ ಧಣಿ, ಅದನ್ನ ತಿಕ್ಕಿದ್ರ ತಗಡು ಸವೀತದ" ಎಂದ ಸಿದ್ದಪ್ಪ. ನಾನೂ ಅದನ್ನೇ ಹೇಳಿದೆ. ಸೇಟ್ ಕೇಳಲಿಲ್ಲ. ಸ್ಟೀಲು ಉಜ್ಜಿ ಹೊಳಪು ಕೊಡುವ ಬಫಿಂಗಿನವನನ್ನು ಕರೆಸಿ, ಧಣಿ ಸಾಕೆನ್ನುವವರೆಗೆ ಗ್ರೈಂಡರ್ ಹಿಡಿಸಿದ.

ಕೆಲವೇ ವಾರಗಳಲ್ಲಿ ಜೋಡಣೆ ಬಿರಿಯಿತು. ಇಡ್ಲಿ ಇಳಿಸುತ್ತಿದ್ದ ಅಡುಗೆಯವನ ಕೈಗೆ ಆವಿ ಬಡಿದು ಬೊಬ್ಬೆ ಎದ್ದಿತ್ತು. ಪೆಟ್ಟಿಗೆ ವಾಪಸು ಬಂತು. ಸೇಟ್ ಒಂದೇ ಮಾತಿನಲ್ಲಿ ತೀರ್ಪು ಕೊಟ್ಟ: ವೆಲ್ಡಿಂಗ್ ಕಚ್ಚಾ, ಸಿದ್ದಪ್ಪನನ್ನು ತೆಗೆಯಿರಿ.

ನನ್ನ ಪಿತ್ತ ನೆತ್ತಿಗೇರಿತು. ಬಿರಿದ ಭಾಗವನ್ನು ಕತ್ತರಿಸಿ ಸೇಟ್‌ನ ಮೇಜಿನ ಮೇಲಿಟ್ಟೆ. ಬೆಸುಗೆ ಒಳಗಿನವರೆಗೂ ಕೂಡಿತ್ತು. ಅದನ್ನೂ ಪಕ್ಕದ ತಗಡನ್ನೂ ಗ್ರೈಂಡರ್ ಅರ್ಧದಷ್ಟು ತಿಂದುಹಾಕಿತ್ತು. ಸೇಟ್ ಅದನ್ನು ತಿರುಗಿಸಿ ನೋಡಿದ. ಅವನಿಗೆ ಅರ್ಥವಾಯಿತು, ಅದೇ ನನಗೆ ಇವತ್ತಿಗೂ ಉರಿಯುವ ವಿಷಯ. "ಧಣಿಯ ತಪ್ಪು ಅಂತ ಧಣಿಗೇ ಹೇಳಲಾ? ವೆಲ್ಡರ್ ಬಹುತ್ ಮಿಲೇಂಗೆ, ಗಿರಾಕ್ ನಹೀ" ಅಂದ; ವೆಲ್ಡರ್‌ಗಳು ಬೇಕಾದಷ್ಟು ಸಿಗುತ್ತಾರೆ, ಗಿರಾಕಿ ಸಿಗುವುದಿಲ್ಲವಂತೆ. ಎತ್ತಿಗೆ ಜ್ವರ, ಎಮ್ಮೆಗೆ ಬರೆ.

ಸಿದ್ದಪ್ಪ ಕೂಗಾಡಲಿಲ್ಲ. ಗ್ಲೌಸ್ ತೆಗೆದು ನನ್ನ ಕೈಗೆ ಕೊಟ್ಟ.

"ಸರ, ನಂದು ತಪ್ಪಿತ್ತೇನ್ರಿ?"

"ಇಲ್ಲ ಮಾರಾಯ."

"ಹಂಗಾರ ನಾ ಇನ್ನ ಏನ್ ಕಲೀಬೇಕಾಗಿತ್ರೀ?"

ತೆಳು ತಗಡಿಗೆ ಎಷ್ಟು ಕಾವು ಕೊಡಬೇಕೆಂದು ಯಾರಿಗೆ ಬೇಕಾದರೂ ಕಲಿಸಿಕೊಡಬಲ್ಲೆ. ಆದರೆ ಕೆಲಸ ಕಲಿತವನಿಗೆ ಕೆಲಸ ಉಳಿಯುತ್ತದೆ ಎಂದು ಯಾರಿಗೂ ಹೇಳಬಾರದು. ಇಷ್ಟು ವರ್ಷದ ವೃತ್ತಿ ನನಗೆ ಕಲಿಸಿದ್ದು ಅದನ್ನೇ.