ಹುಣಸೇಹಣ್ಣಿನಲ್ಲಿ ತೊಳೆದ ಟ್ಯಾಂಕು

ನಾನು ಒಂದು ವರ್ಷ ಕುಳಿತು ಹಿತ್ತಾಳೆಯ ಬಿಡಿಭಾಗಗಳನ್ನು ಜೋಡಿಸಿದ್ದ ಯುದ್ಧಟ್ಯಾಂಕಿನ ಮಾದರಿಯನ್ನು, ನವರಾತ್ರಿಯ ಹಿಂದಿನ ದಿನ, ನಾನು ಮನೆಯಲ್ಲಿಲ್ಲದ ಹೊತ್ತು ನೋಡಿ, ದೀಪದ ಕಂಬ, ಪಂಚಪಾತ್ರೆ, ಗಂಟೆಗಳ ಜೊತೆ ಹುಣಸೇಹಣ್ಣಿನ ನೀರಿನಲ್ಲಿ ನೆನೆಸಿ, ತೆಂಗಿನ ನಾರಿನಿಂದ ತಿಕ್ಕಿ ತೊಳೆಯಲಾಯಿತು. ತೊಳೆದವನು ನನ್ನ ಭಾವಮೈದ. ಎತ್ತಿಕೊಟ್ಟವಳು ನನ್ನ ಹೆಂಡತಿ. ಇಬ್ಬರೂ ಇಂದಿಗೂ ತಮ್ಮಿಂದ ಉಪಕಾರವಾಯಿತೆಂದೇ ನಂಬಿದ್ದಾರೆ. ಆದ್ದರಿಂದ ನಡೆದದ್ದನ್ನು ಕ್ರಮವಾಗಿ ಬರೆದಿಡುವುದು ಅಗತ್ಯವಾಗಿದೆ.

ಕಾರ್ಖಾನೆಯೊಂದರ ಗುಣಪರೀಕ್ಷಾ ವಿಭಾಗದಲ್ಲಿ ಬದುಕಿನ ಬಹುಪಾಲನ್ನು ಕಳೆದವನು ನಾನು. ಕೂದಲೆಳೆಯಷ್ಟು ವ್ಯತ್ಯಾಸವಿದ್ದರೂ ವಸ್ತುವನ್ನು ಹಿಂದಕ್ಕೆ ಕಳುಹಿಸುವುದು ನನ್ನ ಉದ್ಯೋಗವಾಗಿತ್ತು. ನಿವೃತ್ತನಾದ ಮೇಲೆ ಕೂದಲೆಳೆ ಉಳಿಯಿತು, ಹಿಂದಕ್ಕೆ ಕಳುಹಿಸಲು ವಸ್ತುಗಳಿರಲಿಲ್ಲ. ಹಾಗಾಗಿ ರಾಮಕೃಷ್ಣನಗರದ ನಮ್ಮ ಮನೆಯ ಹಿಂಬದಿಯ ಕೋಣೆಯಲ್ಲಿ ಮಾದರಿಗಳನ್ನು ಮಾಡತೊಡಗಿದೆ. ನಿಜವಾದ ಟ್ಯಾಂಕಿನ ಹದಿನಾರನೆಯ ಒಂದು ಪಾಲು ಅಳತೆ. ಫಿರಂಗಿಯ ನಳಿಗೆಯೂ ಸೇರಿ ಒಂದು ಮೊಳಕ್ಕೂ ಮಿಗಿಲಾದ ಉದ್ದ. ಪೆಟ್ಟಿಗೆಯಲ್ಲಿ ಬರುವ ಪ್ಲಾಸ್ಟಿಕ್ಕಿನ ಭಾಗಗಳನ್ನು ಅಂಟಿಸಿದರೆ ಟ್ಯಾಂಕು ಆಗುತ್ತದೆ. ಆದರೆ ಅದು ಟ್ಯಾಂಕಿನ ಹಾಗೆ ಕಾಣುವ ಪ್ಲಾಸ್ಟಿಕ್ಕು. ಅದನ್ನು ಟ್ಯಾಂಕು ಮಾಡುವುದು ಹಿತ್ತಾಳೆ. ಕಾಗದದಷ್ಟು ತೆಳುವಾದ ಹಿತ್ತಾಳೆಯ ಹಾಳೆಯಲ್ಲಿ, ಆಮ್ಲದಿಂದ ಕೊರೆದು ಬಿಡಿಸಿದ ಚೂರುಗಳು ಅಂಚೆಚೀಟಿಗಳಂತೆ ಒಂದಕ್ಕೊಂದು ಅಂಟಿಕೊಂಡು ಬರುತ್ತವೆ. ಒಂದೊಂದನ್ನೂ ಕತ್ತರಿಸಿ, ಅಂಚನ್ನು ಅರದಿಂದ ಉಜ್ಜಿ, ಚಿಮಟದಲ್ಲಿ ಹಿಡಿದು ಮಡಿಸಿ, ಕೂರಿಸಬೇಕು. ಎಂಜಿನ್ನಿನ ಮೇಲಿನ ಜಾಲರಿ, ದೀಪದ ರಕ್ಷಣಾಪಟ್ಟಿ, ಸಲಿಕೆ ಗುದ್ದಲಿಗಳನ್ನು ಬಿಗಿದಿಡುವ ಕೊಂಡಿ. ಕೊಂಡಿಯೊಂದು ಅಕ್ಕಿಕಾಳಿಗಿಂತ ಚಿಕ್ಕದು. ಅದರಲ್ಲೂ ಹಿಡಿ ಬೇರೆ, ಅಗುಳಿ ಬೇರೆ. ಉಸಿರು ಬಿಗಿಹಿಡಿದು ಕೂರಿಸಬೇಕು. ಸೀನಿದರೆ ಒಂದು ವಾರದ ಕೆಲಸ ನೆಲದ ಮೇಲೆ.

ಇದನ್ನೆಲ್ಲ ಯಾರಿಗಾಗಿ ಮಾಡಿದೆನೆಂಬುದನ್ನೂ ಹೇಳಬೇಕು. ನಮ್ಮ ಊರಿನಲ್ಲಿ ಮಾದರಿ ಮಾಡುವವರ ಒಂದು ಕೂಟವಿದೆ. ದಸರಾ ಮುಗಿದ ಮೇಲಿನ ಭಾನುವಾರ ಅವರದೊಂದು ಪ್ರದರ್ಶನ. ಹಿಂದಿನ ವರ್ಷ ನನ್ನ ಮೊದಲ ಟ್ಯಾಂಕನ್ನು ಅಲ್ಲಿಗೆ ಒಯ್ದಿದ್ದೆ. ಕೊರಳಿಗೆ ಭೂತಗನ್ನಡಿ ನೇತುಹಾಕಿಕೊಂಡ ಅವರ ಸಂಚಾಲಕರು, ನನಗಿಂತ ಇಪ್ಪತ್ತು ವರ್ಷಕ್ಕಾದರೂ ಚಿಕ್ಕವರು, ಅದನ್ನು ಸುತ್ತಲೂ ನೋಡಿ, ಬಹಳ ವಿನಯದಿಂದ ಎತ್ತಿಕೊಂಡು ಹೋಗಿ ಮಕ್ಕಳ ಮೇಜಿನ ಮೇಲಿಟ್ಟರು. ಒಂದು ಕಡೆ ಬೆಂಕಿಪೊಟ್ಟಣದ ರೈಲು, ಇನ್ನೊಂದು ಕಡೆ ಐಸ್‌ಕ್ರೀಂ ಕಡ್ಡಿಯ ಅರಮನೆ, ನಡುವೆ ನಾನು. ಕಾರಣ ಕೇಳಿದೆ. "ಬೇಜಾರು ಮಾಡ್ಕೋಬೇಡಿ ಸರ್. ಬಾಕ್ಸಲ್ಲಿ ಬಂದಿದ್ದನ್ನ ಬಂದ ಹಾಗೇ ಅಂಟಿಸಿದೀರಿ. ಮೆಟಲ್ ಪಾರ್ಟ್ಸ್ ಹಾಕ್ಕೊಂಡು ಬನ್ನಿ, ದೊಡ್ಡವರ ಟೇಬಲ್ಲು ನಿಮಗೇ" ಎಂದರು. ಬೇಜಾರು ಮಾಡಿಕೊಳ್ಳಬೇಡಿ ಎನ್ನುವವರು ಬೇಜಾರಾಗುವ ಕೆಲಸವನ್ನು ಮುಗಿಸಿಯೇ ಹಾಗೆನ್ನುತ್ತಾರೆ. ಸಂಜೆಯವರೆಗೆ ಆ ಮೇಜಿನ ಹಿಂದೆ ಕುಳಿತು ಬಂದೆ. ದೊಡ್ಡವರ ಮೇಜಿನಲ್ಲಿ ಬಣ್ಣ ಬಳಿಯದ ಮಾದರಿಗಳಿಗೆಂದೇ ಒಂದು ವಿಭಾಗವಿತ್ತು. ಬಣ್ಣ ತಪ್ಪುಗಳನ್ನೆಲ್ಲ ಮುಚ್ಚುತ್ತದೆ. ಬರಿಯ ಲೋಹ ಏನನ್ನೂ ಮುಚ್ಚುವುದಿಲ್ಲ. ನನ್ನ ಸ್ಥಾನ ಅಲ್ಲೇ ಎಂದು ಅಂದೇ ನಿಶ್ಚಯಿಸಿದೆ.

ಅದರಿಂದಲೇ ಹಿತ್ತಾಳೆ ಹಿತ್ತಾಳೆಯಾಗಿಯೇ ಉಳಿದದ್ದು. ಬಣ್ಣ ಬಳಿದಿದ್ದರೆ ಅದು ಬದುಕುತ್ತಿತ್ತು.

ಇನ್ನು ನನ್ನ ಭಾವಮೈದನ ವಿಚಾರ. ಅವನ ತಾತ ಅರಮನೆಯಲ್ಲಿ ದೀಪಗಳ ಉಸ್ತುವಾರಿ ನೋಡುತ್ತಿದ್ದರಂತೆ. ತಾತನ ವಿದ್ಯೆಯಲ್ಲಿ ಬೆಳಕಿನ ಪಾಲು ಯಾರಿಗೆ ಹೋಯಿತೋ ತಿಳಿಯದು. ತಿಕ್ಕುವ ಪಾಲು ಮೊಮ್ಮಗನಿಗೆ ಇಳಿದು ಬಂದಿದೆ. ನವರಾತ್ರಿಯ ಹಿಂದಿನ ದಿನ ಅಕ್ಕನ ಮನೆಗೆ ಬಂದು, ಪಂಚೆ ಎತ್ತಿ ಕಟ್ಟಿ, ಹಿತ್ತಲಿನ ಒಗೆಯುವ ಕಲ್ಲಿನ ಬಳಿ ಕುಳಿತು, ಮನೆಯಲ್ಲಿ ಹಳದಿಯಾಗಿರುವುದನ್ನೆಲ್ಲ ತಿಕ್ಕುವುದು ಅವನ ಪದ್ಧತಿ. ಒಮ್ಮೆ ಬಾಗಿಲ ಚಿಲಕವನ್ನೇ ಬಿಚ್ಚಿಸಿ ತಿಕ್ಕಿದ್ದ. ಮತ್ತೆ ಅದು ನೆಟ್ಟಗೆ ಕೂರಲೇ ಇಲ್ಲ. ಅದನ್ನೂ ನಾನು ಮರೆತಿಲ್ಲ.

ಆ ದಿನ ನಾನು ಉದಯಗಿರಿಯಲ್ಲಿ ಮೋಟಾರಿಗೆ ತಂತಿ ಸುತ್ತುವ ಅಂಗಡಿಗೆ ಹೋಗಿದ್ದೆ. ಟ್ಯಾಂಕಿನ ದೀಪಕ್ಕೆ ಎಳೆಯಲು ಕೂದಲಿನಷ್ಟು ಸಣ್ಣ ತಾಮ್ರದ ತಂತಿ ಬೇಕಿತ್ತು; ಅದೊಂದನ್ನು ಹಾಕಿದರೆ ಕೆಲಸ ಸಂಪೂರ್ಣ. ತಂತಿಯನ್ನು ಅಂಗಿಯ ಜೇಬಿನಲ್ಲಿ ಜೋಪಾನವಾಗಿಟ್ಟು ಮನೆಗೆ ಬಂದರೆ, ಹಿತ್ತಲಿನ ಬಿಸಿಲಿನಲ್ಲಿ ಟವೆಲ್ಲಿನ ಮೇಲೆ, ಎರಡು ದೀಪದ ಕಂಬಗಳ ನಡುವೆ, ನನ್ನ ಟ್ಯಾಂಕು ಬೋರಲಾಗಿ ಒಣಗುತ್ತಿತ್ತು.

"ಬನ್ನಿ ಭಾವ, ನಿಮ್ಮ ರಥಾನೂ ತಿಕ್ಕಿಟ್ಟಿದೀನಿ. ಎಷ್ಟು ಮಂಕಾಗ್ಬುಟ್ಟಿತ್ತು ಕಣ್ರೀ, ನೋಡೋಕಾಗ್ತಿರಲಿಲ್ಲ" ಎಂದ.

ಚಕ್ರಗಳ ಮೇಲಿನ, ಬೆಸುಗೆ ಹಾಕಿದ್ದ ತಗಡುಗಳು ಚಿನ್ನದಂತೆ ಹೊಳೆಯುತ್ತಿದ್ದವು. ಅಂಟು ಹಾಕಿ ಕೂರಿಸಿದ್ದ ಯಾವುದೂ ಇರಲಿಲ್ಲ. ಕೊಂಡಿಗಳಿದ್ದ ಕಡೆ ಅಂಟಿನ ಬಿಳಿಯ ಕಲೆ, ಜಾಲರಿಯ ನಡುವೆ ಹೆಬ್ಬೆರಳಿನಷ್ಟು ಅಗಲದ ಕುಳಿ, ಮೂಲೆಯಲ್ಲಿ ತೆಂಗಿನ ನಾರಿನ ಒಂದು ಎಳೆ. ಮೇಲಿದ್ದ ಸಣ್ಣ ಚೂರುಗಳೆಲ್ಲ ಏನಾದವೆಂದು ಕೇಳಿದೆ. ಅವನು ಕೈ ಒರೆಸಿಕೊಳ್ಳುತ್ತಾ ಹೇಳಿದ ಮಾತು ನನಗೆ ಅಕ್ಷರಶಃ ನೆನಪಿದೆ: "ಅವೆಲ್ಲಾ ಉದುರ್ತಿದ್ವು ಭಾವ. ಗಟ್ಟಿಯಾಗಿ ಕೂರಿಸಿದ್ರೆ ಉದುರ್ತಿದ್ವಾ?"

ಗುಣಪರೀಕ್ಷಾ ವಿಭಾಗದವನಿಗೆ ಗುಣಪರೀಕ್ಷೆಯ ಪಾಠ.

ತಿಕ್ಕಿದ ನೀರನ್ನು ಅವನು ಕರಿಬೇವಿನ ಗಿಡದ ಬುಡಕ್ಕೆ ಸುರಿದಿದ್ದ. ಹುಳಿ ನೀರು ಗಿಡಕ್ಕೆ ಒಳ್ಳೆಯದಂತೆ. ಕತ್ತಲಾಗುವವರೆಗೂ, ಮರುದಿನ ಬೆಳಿಗ್ಗೆ ಬೆಳಕು ಬಿಟ್ಟೊಡನೆಯೂ, ಗಿಡದ ಬುಡದಲ್ಲಿ ಕುಕ್ಕರುಗಾಲಿನಲ್ಲಿ ಕುಳಿತು ಮಣ್ಣನ್ನು ಟೀ ಸೋಸುವ ಜಾಲರಿಯಲ್ಲಿ ಸೋಸಿದೆ. ಸಿಕ್ಕಿದವು ಕೆಲವು. ಅವುಗಳಲ್ಲಿ ಕೆಲವು ಹಿತ್ತಾಳೆಯಾಗಿದ್ದವು, ಉಳಿದವು ಒಣಗಿದ ಹುಣಸೆಯ ಸಿಪ್ಪೆ. ಇದ್ದುದರಲ್ಲಿ ಸರಿಮಾಡೋಣವೆಂದು ಕೈ ತೊಳೆದು ಒಳಗೆ ಬಂದರೆ, ಗೊಂಬೆ ಕೂರಿಸುವ ಮೆಟ್ಟಿಲುಗಳ ಮೇಲೆ ಟ್ಯಾಂಕು ಪಟ್ಟವೇರಿಯಾಗಿತ್ತು. ಹಣೆಯಿಲ್ಲದ ವಸ್ತುವಿಗೆ ಹಣೆಯ ಜಾಗ ಹುಡುಕಿ ಕುಂಕುಮ ಇಟ್ಟಿದ್ದರು. ಫಿರಂಗಿಯ ನಳಿಗೆಗೆ ಸೇವಂತಿಗೆಯ ಹಾರ.

ಮೇಲಿನ ಮೆಟ್ಟಿಲಿನಲ್ಲಿ ರಾಜ ರಾಣಿಯರ ಪಟ್ಟದ ಗೊಂಬೆಗಳು. ನನ್ನ ಹೆಂಡತಿ ಮದುವೆಯಲ್ಲಿ ತವರಿನಿಂದ ತಂದವು. ಟ್ಯಾಂಕಿನ ಅಳತೆಯಲ್ಲಿ ಲೆಕ್ಕ ಹಾಕಿದರೆ ರಾಜರು ಎರಡಂತಸ್ತಿನ ಮನೆಯಷ್ಟು ಎತ್ತರ. ಪಕ್ಕದಲ್ಲಿ ನಿಂತ ಜಂಬೂಸವಾರಿಯ ಆನೆ, ಅದೇ ಲೆಕ್ಕದಲ್ಲಿ, ಒಂದು ಕರುವಿಗಿಂತ ದೊಡ್ಡದಲ್ಲ. ಇದನ್ನು ನಾನು ತಿಳಿಸಿ ಹೇಳಿದೆ. ಯಾರೂ ಅಳತೆಪಟ್ಟಿ ತರಲಿಲ್ಲ. ಟ್ಯಾಂಕನ್ನು ಇಳಿಸಿಕೊಡಬೇಕೆಂದು ಕೇಳಿದೆ. ಕೂರಿಸಿದ ಗೊಂಬೆಯನ್ನು ವಿಜಯದಶಮಿಯವರೆಗೆ ಎಬ್ಬಿಸಬಾರದೆಂಬ ಉತ್ತರ ಬಂತು. ಹೊಸ ಹಿತ್ತಾಳೆ ಹಾಳೆ ತರಿಸೋಣವೆಂದರೆ ಅದು ಹೊರದೇಶದಿಂದ ಬರಬೇಕು, ಬರುವುದಕ್ಕೆ ತಿಂಗಳುಗಳು ಬೇಕು. ಪ್ರದರ್ಶನ ಹಬ್ಬದ ಮರುವಾರ.

"ಏನೂಂದ್ರೆ, ಹಬ್ಬದ ದಿನ ಮುಖ ಊದಿಸ್ಕೊಂಡು ಓಡಾಡಬೇಡಿ. ಯುದ್ಧಕ್ಕೆ ಹೋಗೋ ಗಾಡಿ ತಾನೇ? ನಾಕು ಪೆಟ್ಟು ಬಿದ್ದಿದ್ರೇ ಲಕ್ಷಣ" ಎಂದಳು ನನ್ನ ಹೆಂಡತಿ.

ಸಂಜೆ ಸಂಜೆ ಗೊಂಬೆ ನೋಡಲು ಬಂದ ಹೆಂಗಸರು ಟ್ಯಾಂಕನ್ನು ಬಾಯ್ತುಂಬ ಹೊಗಳಿದರು. ಎಲ್ಲಿ ಕೊಂಡಿರಿ ಎಂದು ಕೇಳಿದವರಿಗೆಲ್ಲ ನನ್ನ ಹೆಂಡತಿಯದು ಒಂದೇ ಉತ್ತರ: "ನಮ್ಮನೆಯವರು ಹೊತ್ತು ಹೋಗಲಿ ಅಂತ ಮಾಡಿದ್ದು. ಹೊಳಪು ಮಾತ್ರ ನನ್ನ ತಮ್ಮಂದು." ಹೊಗಳಿಕೆ ಹೊಳಪಿಗೇ ಸಂದಿತು. ನಾನು ಬಾಗಿಲ ಬಳಿಯ ಕುರ್ಚಿಯಲ್ಲಿ ಕುಳಿತು ಎಲ್ಲವನ್ನೂ ಕೇಳಿಸಿಕೊಂಡೆ. ಯಾರು ಏನೆಂದರೆಂಬುದು ನನಗೆ ಗೊತ್ತಿದೆ.

ಆಯುಧಪೂಜೆಯ ದಿನ ಭಾವಮೈದ ಮತ್ತೆ ಬಂದ. ಸ್ಕೂಟರಿಗೆ ಪೂಜೆ ಮಾಡಿ, ಚಕ್ರದಡಿ ನಿಂಬೆಹಣ್ಣಿಟ್ಟು ಹಾಯಿಸಿ, ಉಳಿದ ಎರಡು ನಿಂಬೆಹಣ್ಣುಗಳನ್ನು ಹಿಡಿದು ನೇರವಾಗಿ ಗೊಂಬೆಗಳ ಕಡೆಗೆ ನಡೆದ. ಟ್ಯಾಂಕೂ ಒಂದು ವಾಹನವೇ ಅಲ್ಲವೇ ಎಂಬುದು ಅವನ ವಾದ. ಎಬ್ಬಿಸಬಾರದೆಂದವರು ಓಡಿಸಬಹುದೆಂದರು. ನಿಂಬೆಹಣ್ಣು ಒಡೆಯಲಿಲ್ಲ, ಪ್ಲಾಸ್ಟಿಕ್ಕಿನ ಟ್ಯಾಂಕಿಗೆ ಅಷ್ಟು ತೂಕವಿಲ್ಲ. ತೂಕ ಸಾಲದೆಂದು ಕಂಡು ಅವನು ಅಂಗೈಯಿಂದ ಒತ್ತಿದ. ಆಗಲೂ ನಿಂಬೆಹಣ್ಣು ಒಡೆಯಲಿಲ್ಲ. ಹುಣಸೇಹಣ್ಣಿಗೂ ಜಗ್ಗದೆ ಉಳಿದಿದ್ದ ಬೆಸುಗೆಯ ತಗಡು ಬಾಗಿತು, ಎಡಗಡೆಯ ಚಕ್ರಗಳ ಸುತ್ತಲಿನ ಸರಪಳಿ ಕಳಚಿ ರಾಣಿಯ ಪಾದದ ಬಳಿ ಬಿತ್ತು. ಆಗ ನನ್ನ ಹೆಂಡತಿ ಓಡಿ ಬಂದಳು. "ನಿಧಾನ ಕಣೋ, ರಾಣಿಗೆ ತಾಗೀತು" ಎಂದಳು.

ಈ ವಾಕ್ಯವನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು.

ಭಾನುವಾರ ನಾನು ಪ್ರದರ್ಶನಕ್ಕೆ ಹೋದೆ. ಬರುತ್ತೇನೆಂದು ಹೇಳಿದ್ದೆ, ಹೇಳಿದ ಮೇಲೆ ಹೋಗದಿರುವುದು ನನ್ನ ಪದ್ಧತಿಯಲ್ಲ. ಸರಪಳಿಯನ್ನು ಮತ್ತೆ ಹಾಕಿ, ಬಾಗಿದ ತಗಡನ್ನು ಆದಷ್ಟು ನೆಟ್ಟಗೆ ಮಾಡಿ, ಸೋಸಿ ತೆಗೆದ ಕೊಂಡಿಗಳನ್ನು ಅವುಗಳ ಜಾಗದಲ್ಲಿ ಕೂರಿಸಿದ್ದೆ. ಸಂಚಾಲಕರು ಭೂತಗನ್ನಡಿ ಎತ್ತಿದರು. ಬೆಸುಗೆಯನ್ನು ಬಹಳ ಹೊತ್ತು ನೋಡಿ, ಇದು ನೀವೇ ಹಾಕಿದ್ದೇ ಎಂದು ಕೇಳಿದರು. ಹೌದೆಂದೆ. ಕೈ ಒಳ್ಳೆಯದಿದೆ ಎಂದರು. ಅನಂತರ ಕನ್ನಡಿ ಕೊಂಡಿಗಳಿಲ್ಲದ ಕಡೆಗೆ ಸರಿಯಿತು, ಜಾಲರಿಯ ಕುಳಿಯ ಮೇಲೆ ನಿಂತಿತು.

"ಏನಾಗಿದೆ ಸರ್ ಇದಕ್ಕೆ?"

"ತಿಕ್ಕಿದರು."

"ಏನಲ್ಲಿ?"

"ಹುಣಸೇಹಣ್ಣಿನಲ್ಲಿ."

ಅವರು ಸಭ್ಯರು. ಗೋಡೆಯ ಕಡೆಗೆ ತಿರುಗಿ ನಕ್ಕರು. ಭುಜಗಳು ಮಾತ್ರ ನನಗೆ ಕಾಣಿಸಿದವು. ಮತ್ತೆ ಈ ಕಡೆ ತಿರುಗಿ, ಬೇಜಾರು ಮಾಡಿಕೊಳ್ಳಬೇಡಿ ಎಂದರು. ಮುಂದಿನದು ನನಗೆ ತಿಳಿದೇ ಇತ್ತು. ಈ ಸಲ ಒಂದು ಕಡೆ ರಟ್ಟಿನ ರಾಕೆಟ್ಟು, ಇನ್ನೊಂದು ಕಡೆ ಜೇಡಿಮಣ್ಣಿನ ಜ್ವಾಲಾಮುಖಿ.

ಮಧ್ಯಾಹ್ನ ನನ್ನ ಹೆಂಡತಿ, ಭಾವಮೈದ ಇಬ್ಬರೂ ಬಂದರು. ನನ್ನ ಮೇಜಿನ ಸುತ್ತ ನೆರೆದಿದ್ದ ಮಕ್ಕಳಿಗೆ ಭಾವಮೈದ ವಿವರಿಸತೊಡಗಿದ: ಹಣ್ಣು ಹಳೆಯದಾಗಿರಬೇಕು, ಚಿಟಿಕೆ ಉಪ್ಪು ಸೇರಿಸಬೇಕು, ಒಂದೇ ದಿಕ್ಕಿನಲ್ಲಿ ತಿಕ್ಕಬೇಕು. ದೊಡ್ಡವರ ಮೇಜಿನಿಂದಲೂ ಇಬ್ಬರು ಎದ್ದು ಬಂದು ಕೇಳಿದರು.

ಮೊನ್ನೆ ಪಟ್ಟದ ಗೊಂಬೆಗಳನ್ನು ಪೆಟ್ಟಿಗೆಗೆ ಹಾಕುವಾಗ ನಾನು ಅಲ್ಲೇ ಇದ್ದೆ. ನನ್ನ ಹೆಂಡತಿ ಅವುಗಳನ್ನು ಹಳೆಯ ರೇಷ್ಮೆಯ ಚೂರಿನಿಂದ ಒರೆಸಿದಳು, ಹತ್ತಿಯಲ್ಲಿ ಸುತ್ತಿದಳು, ಭಾವಮೈದ ಉಸಿರು ಬಿಗಿಹಿಡಿದು ಪೆಟ್ಟಿಗೆ ಹಿಡಿದುಕೊಂಡ. ನಮ್ಮ ಮದುವೆಯ ಹೊಸತರಲ್ಲಿ ಒಮ್ಮೆ, ರಾಣಿಯ ಮುಖದ ಧೂಳು ತೆಗೆಯೋಣವೆಂದು ನಾನು ಒದ್ದೆಬಟ್ಟೆ ಕೈಗೆತ್ತಿಕೊಂಡಿದ್ದೆ. ಕೈಗೆತ್ತಿಕೊಂಡದ್ದು ಅಷ್ಟೇ, ತಾಗಿಸಲಿಲ್ಲ. ಬಣ್ಣ ಹೋದೀತೆಂಬ ಪ್ರಜ್ಞೆ ಇಲ್ಲದ ಮನುಷ್ಯನೆಂದು ಅಕ್ಕ ತಮ್ಮ ಇಬ್ಬರೂ ಇಂದಿನವರೆಗೂ ಆ ಮಾತನ್ನು ಬಂದವರ ಮುಂದೆಲ್ಲ ಎತ್ತುತ್ತಾರೆ.

ಆದ್ದರಿಂದ ಇಬ್ಬರನ್ನೂ ಒಟ್ಟಿಗೇ ಕೇಳುತ್ತೇನೆ. ನಿಮ್ಮ ಗೊಂಬೆಯ ಹತ್ತಿರಕ್ಕೆ ನನ್ನ ಒದ್ದೆಬಟ್ಟೆ ಸುಳಿಯಬಾರದೆಂದು ಇಷ್ಟು ವರ್ಷ ಕಾವಲು ಕಾದ ನಿಮಗೆ, ನನ್ನದನ್ನು ಹುಳಿಯಲ್ಲಿ ನೆನೆಸುವ ಮುಂಚೆ, ಇದೂ ಯಾರದೋ ಗೊಂಬೆ ಇರಬಹುದೆಂದು ಒಂದು ಕ್ಷಣಕ್ಕಾದರೂ ಯಾಕೆ ತೋಚಲಿಲ್ಲ?