ನೆರಳು ಗುಡ್ಡಕ್ಕೆ ಬಾತಾ ಇಲ್ಲ

ಕಾರಾ-ಬುಲುನ್ ಹಳ್ಳಿಯಲ್ಲಿ ಸೆಯಿಲ್ಕಾನಳ ಬಾಯಿಗೆ ಹೆದರದವರು ಕಡಿಮೆ. ಕಣಿವೆ ರಸ್ತೆಯ ಮೇಲಿದ್ದ ಹಿಮಠಾಣೆಯಲ್ಲಿ ಅವಳು ಹರೆಯವನ್ನೆಲ್ಲ ಕಳೆದಳು. ಚಳಿಗಾಲ ಪೂರ್ತಿ ಹಿಮ ಅಗೆದು, ಪದರ ನೋಡಿ, ಹಿಮ ಕುಸಿದೀತೇ ಎಂದು ಅಳೆದು, ಇವತ್ತು ಲಾರಿ ಬಿಡಬಹುದು, ಇವತ್ತು ಬೇಡ ಎಂದು ಕೆಳಗಿನವರಿಗೆ ಫೋನಿನಲ್ಲಿ ಹೇಳುವುದೇ ಕೆಲಸ. ಸೋವಿಯತ್ ಕಾಲ ಮುಗಿಯಿತು, ಠಾಣೆಗೆ ಬೀಗ ಬಿತ್ತು, ಗಂಡನೂ ತೀರಿಕೊಂಡ. ಅಗೆಯುವ ಚಾಳಿ ಮಾತ್ರ ಅವಳನ್ನು ಬಿಡಲಿಲ್ಲ. ಯಾರೂ ಕೇಳದಿದ್ದರೂ ಬೆಳಿಗ್ಗೆ ಎದ್ದು ಕುರಿದೊಡ್ಡಿಯ ಹಿಂದೆ ಸಲಿಕೆ ಹಿಡಿದು ನಿಲ್ಲುತ್ತಿದ್ದಳು.

ಈಗ ಚಳಿಗಾಲದಲ್ಲಿ ಮನೆ ತುಂಬ ಅತಿಥಿಗಳು. ರಾಜಧಾನಿ ಬಿಷ್ಕೆಕ್‌ನಿಂದ ಸ್ಕೀ ಹೊತ್ತು ಬರುತ್ತಾರೆ. ಅವರನ್ನು ಬಿಸಿಲು ಕಾಣದ ನೆರಳು ಗುಡ್ಡ ಹತ್ತಿಸಿ ಇಳಿಸುವವನು ಅಳಿಯ ತಾಲಾಯ್, ಅಡುಗೆ ಮಗಳು ಬುರುಲಳದು. ಊಟ ಮುಗಿದಾಗ ಅಂಗೈ ಚಾಚಿ ಬಾತಾ ಕೊಡುವುದು, ಅಂದರೆ ಹರಸಿ ಕಳಿಸುವುದು, ಮನೆಯ ಹಿರಿಯಳಾಗಿ ಸೆಯಿಲ್ಕಾನಳ ಪಾಲಿಗೆ ಬಂದಿತ್ತು. ಬಾತಾ ಆಗಿ ಎಲ್ಲರೂ ಮುಖ ಸವರಿಕೊಳ್ಳುವವರೆಗೆ ನೆಲಕ್ಕೆ ಹಾಸಿದ ಊಟದ ಬಟ್ಟೆಯ ಮುಂದಿನಿಂದ ಏಳುವಂತಿಲ್ಲ. ಎದ್ದವನು ಹುಟ್ಟಿದ ಮನೆಯ ಮರ್ಯಾದೆ ಕಳೆದ ಹಾಗೆ.

ಆ ವರ್ಷ ಹಿಮ ಬೇಗ ಬಿತ್ತು, ಆಮೇಲೆ ವಾರಗಟ್ಟಲೆ ಮೋಡವಿಲ್ಲದ ಕೊರೆಯುವ ಚಳಿ. ಜನವರಿಯಲ್ಲಿ ಮತ್ತೆ ಹಿಮ, ಅದರ ಬೆನ್ನಿಗೇ ಗಾಳಿ. ಗಾಳಿ ನಿಂತ ಬೆಳಿಗ್ಗೆ ಸೆಯಿಲ್ಕಾನ್ ಅಗೆದು ನೋಡಿ ನೇರ ಲಾಯಕ್ಕೆ ಬಂದಳು. ತಾಲಾಯ್ ಕುದುರೆಗೆ ಹುಲ್ಲು ಹಾಕುತ್ತಿದ್ದ.

"ಇವತ್ತು ನೆರಳು ಗುಡ್ಡ ಬೇಡ ಕಣಪ್ಪಾ. ಅಡಿಯಲ್ಲೆಲ್ಲ ಹಿಮ ಸಕ್ಕರೆ ಥರ ಉದುರುತ್ತೆ. ಮೇಲೆ ಗಾಳಿ ತಂದು ಹಾಸಿರೋ ಗಟ್ಟಿ ಪದರ. ಸಲಿಕೆ ತಟ್ಟಿದ್ದೇ ತಡ, ಇಡೀ ತುಂಡು ಜಾರ್ಕೊಂಡು ಕಾಲ ಮೇಲೆ ಬಂತು."

"ನೀವು ಅಗೆದಿದ್ದು ಕುರಿದೊಡ್ಡಿ ಹಿಂದೆ ಅತ್ತೆ. ಹೋದ ವಾರ ನಾನೇ ಆ ಗುಡ್ಡ ಇಳಿದು ಬಂದಿಲ್ವಾ? ಏನಾಯ್ತು?"

"ಹೋದ ವಾರ ಈ ಗಾಳಿ ಇತ್ತಾ?"

"ಅತಿಥಿಗಳಿಗೆ ಮಾತು ಕೊಟ್ಟಾಗಿದೆ. ದಯವಿಟ್ಟು ಅವರ ಮುಂದೆ ನನ್ನ ಮಾನ ಕಳೀಬೇಡಿ."

ಅವಳ ಬಾಯಿ ಕಟ್ಟಿದ್ದು ಇದೇ ಮಾತು. ಅತಿಥಿಗಳ ಎದುರು ಅಳಿಯನ ಮಾತನ್ನು ಸುಳ್ಳು ಮಾಡಿದ ಅತ್ತೆ ಆ ಕಣಿವೆಯಲ್ಲಿ ಇರಲಿಲ್ಲ. ಹಾಗೆ ಮಾಡಿದರೆ ಅವನು ಮತ್ತೆ ತಲೆಯೆತ್ತಿ ಓಡಾಡುವಂತಿಲ್ಲ. ಮಾಡದಿದ್ದರೆ ಅವನು ಆ ಗುಡ್ಡಕ್ಕೆ ಹೋಗುತ್ತಾನೆ. ಬುರುಲ್‌ಗೆ ಹೆರಿಗೆ ಹತ್ತಿರ ಬಂದಿತ್ತು. ಸೆಯಿಲ್ಕಾನಳಿಗೆ ನಿಜಕ್ಕೂ ಭಯವಾಯಿತು.

ತಿಂಡಿಗೆ ಎಲ್ಲರೂ ಬಟ್ಟೆಯ ಸುತ್ತ ಕೂತರು. ರೊಟ್ಟಿ, ಕೆನೆ, ಜಾಮ್, ಎಣ್ಣೆಯಲ್ಲಿ ಕರಿದ ಹಿಟ್ಟಿನ ತುಂಡು ಬೊರ್ಸೊಕ್. ಸೆಯಿಲ್ಕಾನ್ ತಾನೇ ಚಹಾ ಬಗ್ಗಿಸಿದಳು, ಬಟ್ಟಲಿನ ತಳ ಮುಚ್ಚುವಷ್ಟೇ. ಬಟ್ಟಲು ತುಂಬಿಸಿದರೆ ಇನ್ನು ಹೊರಡಿ ಎಂದರ್ಥ. ತಿಂದಾಯಿತು, ಕುಡಿದಾಯಿತು. ಅವಳ ಅಂಗೈ ಮಾತ್ರ ಮಡಿಲು ಬಿಟ್ಟು ಬರಲಿಲ್ಲ.

ಅತಿಥಿಗಳಲ್ಲಿ ದೊಡ್ಡವನಾದ ಎರ್ನಿಸ್ ಕೆಮ್ಮಿದ. "ಅಮ್ಮಾ, ಹೊತ್ತಾಯ್ತು. ಬಾತಾ ಕೊಟ್ಬಿಡಿ."

"ಕೊಡೋಣ, ಅದೇನು ಓಡಿಹೋಗುತ್ತಾ? ನೀವು ಜಾಮ್ ಮುಟ್ಟೇ ಇಲ್ಲ. ಬಸುರಿ ಹುಡುಗಿ ಮಾಡಿದ್ದು, ಚೆನ್ನಾಗಿಲ್ವಾ?"

ಪಾಪ, ತಿಂದರು. ಅವಳು ತನ್ನ ಮದುವೆಯ ಕಥೆ ಶುರು ಮಾಡಿದಳು. ಮದುವೆ ಮುಗಿದದ್ದೇ ಮಾವನ ಕುದುರೆಯ ವಂಶಾವಳಿ ಬಂತು. ಕಿರಿಯವನೊಬ್ಬ ಮೊಣಕಾಲೂರಿ ಏಳಹೋದ. ಎರ್ನಿಸ್ ಅವನ ತೋಳು ಹಿಡಿದೆಳೆದ: "ಕೂತ್ಕೊಳೋ, ನಿನ್ನನ್ನ ಏನು ಕಾಡಲ್ಲಿ ಬೆಳೆಸಿದಾರಾ?"

ತಾಲಾಯ್‌ಗೆ ಎಲ್ಲ ಅರ್ಥವಾಗಿತ್ತು. ಅವನ ಕುತ್ತಿಗೆ ಕೆಂಪಾಯಿತು.

"ಅತ್ತೆ, ಚಹಾ ಗಂಟಲ ತನಕ ಬಂತು."

"ವಯಸ್ಸಿನ ಹುಡುಗ, ಇನ್ನೂ ಹಿಡಿಸುತ್ತೆ. ಬಟ್ಟಲು ಕೊಡು."

ಅವನು ಅವಳನ್ನು ದುರುಗುಟ್ಟಿ ನೋಡಿದ. ಅವಳೂ ಕಣ್ಣು ತೆಗೆಯಲಿಲ್ಲ. ಕಿಟಕಿಯ ಬಿಸಿಲು ಗೋಡೆ ಬಿಟ್ಟು ನೆಲಕ್ಕಿಳಿದಿತ್ತು. ಕೊನೆಗೆ ಅವನೇ ಅತಿಥಿಗಳತ್ತ ತಿರುಗಿದ. "ಇಷ್ಟು ಹೊತ್ತಾದ ಮೇಲೆ ನೆರಳು ಗುಡ್ಡಕ್ಕೆ ಹೋದ್ರೆ ಇಳಿಯೋಷ್ಟರಲ್ಲಿ ಕತ್ತಲಾಗುತ್ತೆ. ಕೆಳಗಿನ ಕಾಡಿಗೆ ಹೋಗೋಣ, ಅಲ್ಲಿ ಇಳಿಜಾರು ಕಡಿಮೆ."

ಮಾತು ಮುಗಿಯುವ ಮುಂಚೆಯೇ ಸೆಯಿಲ್ಕಾನಳ ಅಂಗೈ ಮೇಲೆ ಬಂತು. ಆರೋಗ್ಯ, ಆಯಸ್ಸು, ಒಳ್ಳೆಯ ದಾರಿ, ಎಲ್ಲ ಕೇಳಿಕೊಂಡಳು. ಎಲ್ಲರೂ ಮುಖ ಸವರಿಕೊಂಡು ದಡಬಡ ಎದ್ದರು.

ಸಂಜೆ ಕಾಡಿನಿಂದ ಬಂದ ಅತಿಥಿಗಳು ಮುಖ ಊದಿಸಿಕೊಂಡು ಗಂಟುಮೂಟೆ ಕಟ್ಟಿದರು. ಕಾಡಿನಲ್ಲಿ ಸ್ಕೀ ಆಡಲು ಇಷ್ಟು ದೂರ ಬರಬೇಕಿತ್ತೇ ಎಂದು ಗೊಣಗುತ್ತಲೇ ಹೋದರು. ನೆರಳು ಗುಡ್ಡ ಆ ದಿನ ಕುಸಿಯಲಿಲ್ಲ. ಮಾರನೆಯ ದಿನವೂ ಇಲ್ಲ. ವಾರವಾದರೂ ಅದರ ಮೇಲೆ ಒಂದು ಬಿರುಕಿಲ್ಲ. ಅಂಗಡಿಯ ಮುಂದೆ ಕೂತವರು ಸೆಯಿಲ್ಕಾನ್ ಹೋಗುವಾಗಲೆಲ್ಲ "ಚಹಾ ಇದೆಯೇನಮ್ಮಾ?" ಎಂದು ಕೇಳಿ ನಕ್ಕರು.

ತಾಲಾಯ್ ಅಷ್ಟು ದಿನವೂ ಅವಳೊಂದಿಗೆ ಮಾತು ಬಿಟ್ಟಿದ್ದ. ಒಂದು ಸಂಜೆ ಸೂಪು ಕುಡಿಯುತ್ತ ತಡೆಯಲಾರದೆ ಅಂದೇಬಿಟ್ಟ: "ಗುಡ್ಡ ನಿಂತೇ ಇದೆ ಅತ್ತೆ. ನೀವು ಹೇಳಿದ್ದು ತಪ್ಪಾಯ್ತು."

"ಹೂಂ, ತಪ್ಪಾಯ್ತಮ್ಮಾ," ಎಂದು ಬುರುಲ್ ಕೂಡ ಗಂಡನ ಪರ ಸೇರಿಕೊಂಡಳು. "ಬಂದ ಜನ ಬೇಜಾರಾಗಿ ಹೋದ್ರು."

ಸೆಯಿಲ್ಕಾನ್ ಒಬ್ಬರಾದ ಮೇಲೆ ಒಬ್ಬರನ್ನು ನೋಡಿದಳು.

"ಆಗ್ಲಿ ಬಿಡಿ. ನನ್ನ ಬೈಯೋಕೆ ಇಬ್ಬರೂ ಇದೀರಲ್ಲ."