ಟಾಕಿ ತುಂಬಿದ ಸುದ್ದಿ

ತೊಂಬತ್ತರ ದಶಕದ ನಡುವಿನ ವರ್ಷಗಳಲ್ಲಿ ನಾನು ಗೋಕಾಕ ಸೀಮೆಯ ಒಂದು ಸಣ್ಣ ಊರಿನ ಪಂಚಾಯತಿ ಕಚೇರಿಯಲ್ಲಿ ಟೈಪಿಸ್ಟ್ ಆಗಿದ್ದೆ. ಆ ಊರಿನ ಹೆಸರು ಇಲ್ಲಿ ಬೇಡ. ಮೂಡಲಗಿಯ ನಮ್ಮ ಮನೆಯಿಂದ ಬೆಳಿಗ್ಗೆ ಬಸ್ಸು ಹತ್ತಿ, ಮಸಗುಪ್ಪಿ ಕಡೆಯ ಕಬ್ಬಿನ ಹೊಲಗಳನ್ನು ನೋಡುತ್ತ ಹೋಗಿ, ಹೊತ್ತು ಮುಳುಗುವ ಮುಂಚೆ ಮನೆ ಸೇರುತ್ತಿದ್ದೆ. ನಮ್ಮದು ಜೈನರ ಮನೆ, ದೀಪ ಹಚ್ಚಿದ ಮೇಲೆ ಊಟವಿಲ್ಲ. ಬಸ್ಸು ತಪ್ಪಿದರೆ ಅವತ್ತು ಉಪವಾಸ.

ಕಚೇರಿಯಲ್ಲಿ ಟೈಪ್ ಮಾಡುವ ಕೆಲಸಕ್ಕಿಂತ ಫೋನು ಎತ್ತುವ ಕೆಲಸವೇ ಹೆಚ್ಚಾಗಿತ್ತು. ಊರಿನ ನೀರು ಹೊಳೆಯಿಂದ ಬರುತ್ತಿತ್ತು. ಪಂಪು ಇದ್ದದ್ದು ಹೊಳೆಯ ದಂಡೆಯಲ್ಲಿ, ನೀರು ತುಂಬಿಡುವ ಎತ್ತರದ ಟಾಕಿ ಇದ್ದದ್ದು ಊರ ನಡುವೆ. ಪಂಪು ಹಚ್ಚುವವನಿಗೆ ಟಾಕಿ ಕಾಣುತ್ತಿರಲಿಲ್ಲ. ತುಂಬಿತೋ ಇಲ್ಲವೋ ಎಂದು ಅಂದಾಜಿನ ಮೇಲೆ ಬಂದ್ ಮಾಡುತ್ತಿದ್ದ. ಅಂದಾಜು ತಪ್ಪಿದ ದಿನ ಟಾಕಿಯ ಮೇಲಿಂದ ನೀರು ಧೋ ಎಂದು ಸುರಿದು ಗಟಾರ ಸೇರುತ್ತಿತ್ತು. ಅದೇ ಹೊತ್ತಿಗೆ ಊರಿನ ಕೊನೆಯ ಓಣಿಯಲ್ಲಿ ಹೆಂಗಸರು ಖಾಲಿ ಕೊಡಗಳನ್ನು ಸಾಲಾಗಿ ಇಟ್ಟು ಕುಳಿತಿರುತ್ತಿದ್ದರು.

ಇದನ್ನು ಮನೆಯಲ್ಲಿ ಹೇಳಿದಾಗ ನಮ್ಮ ಆಯಿ, ಅಂದರೆ ಅಪ್ಪನ ತಾಯಿ, ಬಹಳ ನೊಂದುಕೊಂಡಳು. ಆಕೆ ಪ್ರತಿ ಕೊಡದ ನೀರನ್ನೂ ಅರಿವೆಯಲ್ಲಿ ಸೋಸುವವಳು.

"ಅಷ್ಟು ನೀರ ಗಟಾರಕ್ಕ ಹೋದ್ರ ಅದರಾಗಿನ ಜೀವದ ಪಾಪ ಯಾರಿಗೆ ಬರ್ತೈತಿ?" ಎಂದು ಕೇಳಿ, ತಾನೇ ಉತ್ತರ ಹೇಳಿದಳು. "ಸುಮ್ಮ ಕುಂತು ನೋಡಿದವರಿಗೆ."

ನಾನು ಸುಮ್ಮನೆ ಕೂರಲಿಲ್ಲ. ಟಾಕಿಯ ಬಾಜೂಕ್ಕೆ ಒಂದು ಹಿಟ್ಟಿನ ಗಿರಣಿ ಇತ್ತು, ಅಲ್ಲಿ ಫೋನೂ ಇತ್ತು. ಗಿರಣಿಯ ಯಜಮಾನಿಯನ್ನು ಹೋಗಿ ಕೇಳಿಕೊಂಡೆ. ಟಾಕಿಯ ಮೇಲಿನ ಕೊಳವೆಯಿಂದ ಮೊದಲ ಹನಿ ಉದುರಿದ ಕೂಡಲೇ ಆಕೆ ನನಗೆ ಫೋನು ಮಾಡಬೇಕು, ನಾನು ಪಂಪಿನ ಮನೆಗೆ ಮಾಡುತ್ತೇನೆ ಎಂದು ಮಾತಾಯಿತು. ಮರುದಿನದಿಂದಲೇ ಶುರುವಾಯಿತು.

"ಅಕ್ಕಾರ, ಟಾಕಿ ತುಂಬೇತ್ರಿ! ಲಗೂನ ಹೇಳ್ರಿ!"

ಗಿರಣಿಯ ಸದ್ದಿನ ಮೇಲೆ ಆಕೆ ಒದರುತ್ತಿದ್ದಳು. ನಾನು ಹೊಳೆಗೆ ಫೋನು ಮಾಡಿ "ಬಂದ್ ಮಾಡ್ರಿ" ಅನ್ನುತ್ತಿದ್ದೆ. ಗಟಾರಕ್ಕೆ ಹೋಗುವ ನೀರು ನಿಂತಿತು. ಮುಂದೆ ಬೇರೆ ಬೇರೆ ಓಣಿಗಳಿಂದಲೂ ಫೋನು ಬರತೊಡಗಿದವು. ಎಲ್ಲಿ ಪೈಪು ಒಡೆಯಿತು, ಎಲ್ಲಿ ನಳ ಬರಲಿಲ್ಲ, ಎಲ್ಲ ನನಗೇ ಹೇಳುತ್ತಿದ್ದರು. ಸಂತೆಯಲ್ಲಿ ನನ್ನನ್ನು ಕಂಡರೆ "ನೀರಿನ ಅಕ್ಕಾರು ಬಂದ್ರು" ಅನ್ನುತ್ತಿದ್ದರು. ಆ ಹೆಸರು ನನಗೆ ಬಂಗಾರದ ಪಾಟಲಿಗಿಂತ ಹೆಚ್ಚಿನದಾಗಿತ್ತು. ಯಾಕೆಂದರೆ ನಾನು ಆಗಬೇಕೆಂದಿದ್ದು ಟೈಪಿಸ್ಟ್ ಅಲ್ಲ.

ಪಿಯುಸಿಯಲ್ಲಿ ನನಗೆ ಒಳ್ಳೆಯ ಅಂಕ ಬಂದಿದ್ದವು. ಇಂಜಿನಿಯರಿಂಗ್ ಓದುತ್ತೇನೆ ಎಂದಾಗ ಅಪ್ಪ ತನ್ನ ದನದ ಮೇವಿನ ಅಂಗಡಿಯಲ್ಲಿ ಹಿಂಡಿ ಚೀಲದ ಮೇಲೆ ಕುಳಿತಿದ್ದವನು ತಲೆ ಎತ್ತಲೂ ಇಲ್ಲ. "ಇಂಜಿನಿಯರಿಂಗ್ ಕಾಲೇಜ ದೂರ ಆಗ್ತೈತಿ. ಹೆಣ್ಣ ಹುಡುಗಿ ಒಬ್ಬಾಕಿ ಅಲ್ಲಿ ಹೆಂಗ ಇರಾಕಿ? ಗೋಕಾಕದಾಗ ಬಿಎಸ್ಸಿ ಮಾಡು, ಸಾಕು" ಎಂದ. ಮಾತು ಅಲ್ಲಿಗೆ ಮುಗಿಯಿತು. ಕೆಲವು ವರ್ಷಗಳ ನಂತರ ನನ್ನ ತಂಗಿ ಅದೇ ಮಾತು ಕೇಳಿದಾಗ ಅದೇ ಅಪ್ಪ ಟ್ರಂಕನ್ನು ತಾನೇ ಹೊತ್ತು ನಿಡಸೋಸಿಯ ಹೊಸ ಕಾಲೇಜಿಗೆ ಹೊರಟ. ನಾನೂ ಅವರ ಜೊತೆ ಹೋಗಿದ್ದೆ. ಹುಕ್ಕೇರಿ ದಾಟುವವರೆಗೂ ತಂಗಿ ಕಿಟಕಿಯ ಪಕ್ಕ ಕುಳಿತು ಹಾಡು ಗುನುಗುತ್ತಿದ್ದಳು. ಕಾಲೇಜಿನ ಪ್ರಯೋಗಾಲಯದ ಬಾಗಿಲು ತೆರೆದಿತ್ತು. ಒಳಗೆ ಉದ್ದ ಮೇಜುಗಳ ಮೇಲೆ ಬಣ್ಣದ ತಂತಿಗಳು ಹರಡಿಕೊಂಡಿದ್ದವು. ತಂಗಿ ಒಳಗೆ ಹೋದಳು. ನಾನು ಹೊಸ್ತಿಲ ಹೊರಗೆ ಆಕೆಯ ಹಾಸಿಗೆಯ ಸುರುಳಿ ಹಿಡಿದು ನಿಂತಿದ್ದೆ. ಹೊಟ್ಟೆಕಿಚ್ಚು ಎನ್ನುವುದು ಬರೀ ಮಾತಲ್ಲ, ಅದು ಖರೆಯಾಗಿಯೂ ಹೊಟ್ಟೆಯಲ್ಲಿಯೇ ಹೊತ್ತುತ್ತದೆ ಎಂದು ಅವತ್ತು ತಿಳಿಯಿತು.

ಮುಂದಿನ ವರ್ಷಗಳು ಹೀಗೇ ಸಾಗಿದವು. ಶನಿವಾರ ತಂಗಿ ಮನೆಗೆ ಬಂದರೆ ಅಪ್ಪ ಅಂಗಡಿಯಿಂದ ಬೇಗ ಬರುತ್ತಿದ್ದ. ಆಕೆ ಕರೆಂಟು, ಸರ್ಕೀಟು ಎಂದು ಹೇಳುವಾಗ ತಿಳಿಯದಿದ್ದರೂ ತಲೆ ಆಡಿಸುತ್ತಿದ್ದ. ನನ್ನನ್ನು ಆತ ಕೇಳುತ್ತಿದ್ದದ್ದು "ಬಸ್ಸ ಸಿಕ್ತೇನವಾ?" ಎಂದಷ್ಟೇ. ತಂಗಿಗೆ ಮಾತ್ರ ನನ್ನ ಕೆಲಸದ ಮೇಲೆ ಬಲು ಕುತೂಹಲ. ರಾತ್ರಿ ನನ್ನ ಪಕ್ಕ ಮಲಗಿ, ಗಿರಣಿಯಾಕೆ ಹೇಗೆ ಒದರುತ್ತಾಳೆ, ಪಂಪಿನವನು ಏನು ಅನ್ನುತ್ತಾನೆ ಎಂದು ಕೆದಕಿ ಕೆದಕಿ ಕೇಳುತ್ತಿದ್ದಳು. ನಾನು ಹಿಗ್ಗಿನಿಂದ ಎಲ್ಲ ಹೇಳುತ್ತಿದ್ದೆ.

ಕೊನೆಯ ವರ್ಷ ಒಂದು ಸಂಜೆ, ಹೊತ್ತು ಮುಳುಗುವ ಮುಂಚೆ ಎಲ್ಲರೂ ಊಟಕ್ಕೆ ಕುಳಿತಿದ್ದಾಗ, ಆಕೆ ರೊಟ್ಟಿ ಮುರಿಯುತ್ತ ಹೇಳಿದಳು.

"ಅಕ್ಕಾ, ನಿನ್ನ ಫೋನಿನ ಕೆಲಸಾನ ನಾ ಪ್ರಾಜೆಕ್ಟ್ ಮಾಡಾಕತ್ತೇನಿ. ಈಗ ಮೊಬೈಲ್ ಬಂದಾವಲ್ಲ. ಟಾಕಿ ತುಂಬಿದ್ರ ಟಾಕೀನ ಪಂಪಿಗೆ ಫೋನ್ ಹಚ್ಚತೈತಿ. ಪಂಪ ತಾನ ಬಂದ್ ಆಗ್ತೈತಿ. ನಡುವ ಯಾರೂ ಬ್ಯಾಡ."

"ಭಲೇ!" ಎಂದ ಅಪ್ಪ.

ನಡುವೆ ಇದ್ದವಳು ನಾನು. "ಚಲೋ ಆತು" ಎಂದೆ. ಬೇರೆ ಏನು ಹೇಳಲಿ? ನೀರು ಉಳಿಯುವ ಕೆಲಸ, ಕರೆಂಟು ಉಳಿಯುವ ಕೆಲಸ. ಗಿರಣಿಗೆ ರಜೆ ಇದ್ದ ದಿನ ಟಾಕಿ ಈಗಲೂ ಸುರಿಯುತ್ತಿತ್ತು, ಅದು ನನಗೆ ಗೊತ್ತಿತ್ತು. ಪಂಚಾಯತಿಯ ಸಾಹೇಬರ ಹತ್ತಿರ ಆಕೆಯನ್ನು ಕರೆದುಕೊಂಡು ಹೋಗಿ ಪರವಾನಗಿ ಕೊಡಿಸಿದವಳೂ ನಾನೇ.

ಯಂತ್ರ ಹಚ್ಚಿದ ದಿನ ಟಾಕಿಯ ಕೆಳಗೆ ಜನ ಸೇರಿತ್ತು. ಅಪ್ಪ ಇಸ್ತ್ರಿ ಮಾಡಿದ ಬಿಳಿ ಟೊಪ್ಪಿಗೆ ಹಾಕಿಕೊಂಡು ಮೂಡಲಗಿಯಿಂದ ಬಂದಿದ್ದ. ಟಾಕಿಯೊಳಗೆ ತೇಲುವ ಒಂದು ಗುಂಡು, ಅದರಿಂದ ಕೆಳಗಿನ ಪೆಟ್ಟಿಗೆಗೆ ತಂತಿ, ಪೆಟ್ಟಿಗೆಯೊಳಗೆ ಒಂದು ಹಳೆಯ ಮೊಬೈಲು. ಅಂಥದೇ ಇನ್ನೊಂದು ಪೆಟ್ಟಿಗೆ ಹೊಳೆದಂಡೆಯಲ್ಲಿತ್ತು. ಎಲ್ಲರೂ ಮೇಲಿನ ಕೊಳವೆಯನ್ನೇ ನೋಡುತ್ತಿದ್ದರು. ನಾನೂ ನೋಡುತ್ತಿದ್ದೆ. ನೀರು ಸುರಿಯಲಿ ಎಂದು ನನ್ನ ಮನಸ್ಸು ಬೇಡುತ್ತಿತ್ತು. ಧಾರಾಳ ಸುರಿಯಲಿ, ಅಪ್ಪನ ಟೊಪ್ಪಿಗೆ ತೊಯ್ಯಲಿ.

ಒಂದು ಹನಿಯೂ ಬೀಳಲಿಲ್ಲ. ಟಾಕಿಗೆ ನೀರು ಏರಿಸುವ ಪೈಪಿನ ಗುಂಯ್ ಎನ್ನುವ ಸದ್ದು ಒಮ್ಮೆಲೇ ನಿಂತಿತು. ಹೊಳೆಯ ಕಡೆಯಿಂದ ಪಂಪಿನವನು ಸಾಹೇಬರಿಗೆ ಫೋನು ಮಾಡಿ, "ಸಾಹೇಬ್ರ, ನಾ ಮುಟ್ಟೇ ಇಲ್ಲರಿ, ತಾನ ಬಂದ್ ಆತು!" ಎಂದು ಕೂಗಿದ್ದು ನಮಗೂ ಕೇಳಿಸಿತು. ಜನ ಚಪ್ಪಾಳೆ ತಟ್ಟಿದರು. ಅಪ್ಪ ಪಕ್ಕದವರ ತೋಳು ಹಿಡಿದು ಹೇಳಿದ.

"ನಮ್ಮ ಸಣ್ಣಾಕಿ ನೋಡ್ರಿ. ನಮ್ಮ ಮನ್ಯಾಗ ಮೊದಲನೇ ಇಂಜಿನಿಯರ್."

ನಾನು ಅವರ ಹಿಂದೆಯೇ ನಿಂತಿದ್ದೆ.

ಮರುದಿನದಿಂದ ನನ್ನ ಫೋನು ಸುಮ್ಮನಾಯಿತು. ಕೊನೆಯ ಓಣಿಗೂ ನೀರು ಮುಟ್ಟತೊಡಗಿ ದೂರಿನ ಫೋನುಗಳೂ ನಿಂತವು. ಕೆಟ್ಟಿದೆಯೇನೋ ಎಂದು ಎತ್ತಿ ಕಿವಿಗೆ ಹಿಡಿದರೆ ಗುರ್ ಎನ್ನುವ ಸದ್ದು ಸರಿಯಾಗಿಯೇ ಇರುತ್ತಿತ್ತು. ಗಿರಣಿಯಾಕೆ ಒಂದು ದಿನ ಕಚೇರಿಗೇ ಬಂದು, ಹಿಟ್ಟು ಮೆತ್ತಿದ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತ, "ಅಕ್ಕಾರ, ನಿಮಗ ಫೋನ್ ಮಾಡಾಕ ಈಗ ನೆವಾನ ಇಲ್ಲ ನೋಡ್ರಿ" ಎಂದು ನಕ್ಕಳು. ಆಕೆ ಹೋದ ಮೇಲೆ ನಾನು ಟೈಪ್ ಯಂತ್ರದ ಮೇಲೆ ಬಗ್ಗಿ ಒಂದೇ ಸಾಲನ್ನು ತಪ್ಪು ತಪ್ಪಾಗಿ ಹೊಡೆದೆ.

ಆ ವಾರ ರವಿವಾರ ಅಪ್ಪನ ಅಂಗಡಿಗೆ ಹೋದೆ. ಗಿರಾಕಿಗಳು ಇರಲಿಲ್ಲ. ಇಷ್ಟು ವರ್ಷ ಗಂಟಲಲ್ಲಿ ಇಟ್ಟುಕೊಂಡದ್ದನ್ನು ಕೇಳಿಯೇಬಿಟ್ಟೆ.

"ಅಪ್ಪಾ, ಆಕೀನ ಕಳಿಸಿದಿ. ನನ್ನ ಯಾಕ ಕಳಸಲಿಲ್ಲ?"

ಅಪ್ಪ ಹತ್ತಿಕಾಳಿನ ಚೀಲದೊಳಗೆ ಕೈ ಆಡಿಸಿದ. ಸಿಟ್ಟಾಗುತ್ತಾನೆ ಅಂದುಕೊಂಡಿದ್ದೆ.

"ಆಗ ನನಗ ಧೈರ್ಯ ಇರಲಿಲ್ಲವಾ" ಎಂದ. "ಮನ್ಯಾಗಿನ ಹೆಣ್ಣಮಕ್ಕಳು ಒಬ್ಬರ ಹೊರಗ ಹೋಗಿದ್ದು ನಾ ನೋಡಿದ್ದೇ ಇಲ್ಲ. ಆಮ್ಯಾಲ ನೀ ದಿನಾ ಬಸ್ಸ ಹತ್ತಿ ಹೋಗಾಕ ಹತ್ತಿದಿ. ಒಂದು ಊರ ಮಂದಿ ನಿನಗ ಅಕ್ಕಾರ ಅನ್ನಾಕ ಹತ್ತಿದ್ರು. ಅದನ್ನ ನೋಡಿ ಸಣ್ಣಾಕೀನ ಕಳಿಸಿದೆ."

ಅದು ಸಮಾಧಾನದ ಮಾತೋ, ಸುಡುವ ಮಾತೋ ನನಗೆ ತಿಳಿಯಲಿಲ್ಲ. ನಾನು ತುಳಿದು ಮಾಡಿದ ದಾರಿಯಲ್ಲಿ ಆಕೆ ಓಡಿ ಹೋಗಿದ್ದಳು. ನಾನು ಹುಟ್ಟಿದ್ದೇ ಮೊದಲು, ಅದೇ ನನ್ನ ತಪ್ಪು. ಅಪ್ಪನ ಮೇಲೆ ಸಿಟ್ಟು ಹೋಯಿತು, ಆದರೆ ತಂಗಿಯ ಮೇಲಿನ ಕಿಚ್ಚು ಹೋಗಲಿಲ್ಲ. ಸಿಟ್ಟಿಗೆ ಕಾರಣ ಹೇಳಿದರೆ ಆರುತ್ತದೆ, ಕಿಚ್ಚಿಗೆ ಅದೆಲ್ಲ ತಾಗುವುದಿಲ್ಲ.

ಓದು ಮುಗಿದ ಮೇಲೆ ತಂಗಿಯ ಮದುವೆ ಹುಕ್ಕೇರಿಗೆ ಆಯಿತು. ಗಂಡನ ಮನೆಯವರು ಒಳ್ಳೆಯವರು, ದೊಡ್ಡ ಕುಟುಂಬ. ಟಾಕಿಯ ಪೆಟ್ಟಿಗೆ ಮಾತ್ರ ನನ್ನ ಕಚೇರಿಯ ಊರಲ್ಲೇ ಉಳಿಯಿತು. ಮದುವೆಯ ಮರುವರ್ಷದ ಮಳೆಗಾಲದಲ್ಲಿ ಅದು ಕೆಟ್ಟು ಟಾಕಿ ಮತ್ತೆ ಸುರಿಯಿತು. ಸಾಹೇಬರು ನನ್ನನ್ನು ಕರೆದು "ನಿಮ್ಮ ತಂಗೀನ ಕರಸ್ರಿ" ಎಂದರು. ಆಗ ತಂಗಿ ಬಸುರಿ, ಬಸ್ಸಿನಲ್ಲಿ ಬರುವ ಹಾಗಿರಲಿಲ್ಲ. ಫೋನಿನಲ್ಲಿ ಆಕೆ ಅಂದಳು, "ನೀನ ಬಿಚ್ಚು ಅಕ್ಕಾ. ನಾ ಹೇಳ್ತೀನಿ."

ಹೀಗೆ ನಾನು ಮೊದಲ ಸಲ ಸ್ಕ್ರೂಡ್ರೈವರ್ ಹಿಡಿದೆ. ಒಂದು ಕೈಯಲ್ಲಿ ಮೊಬೈಲು, ಒಂದು ಕೈಯಲ್ಲಿ ಪೆಟ್ಟಿಗೆಯ ಮುಚ್ಚಳ. ಒಳಗೆ ಇರುವೆಗಳು ಮನೆ ಮಾಡಿದ್ದವು. ಆಯಿ ನೆನಪಾಗಿ, ಒಂದನ್ನೂ ಕೊಲ್ಲದ ಹಾಗೆ ಕುಂಚದಿಂದ ಸರಿಸಿದೆ. ತಂಗಿ ಹೇಳಿದಂತೆ ತಂತಿ ಬಿಡಿಸಿ, ತಿಕ್ಕಿ, ಮತ್ತೆ ಸೇರಿಸಿದೆ. ಟಾಕಿ ತುಂಬುತ್ತಲೇ ಪಂಪು ತಾನೇ ನಿಂತಿತು. ಆಕೆ ಅಲ್ಲಿಂದ "ಶಾಬಾಸ್" ಅಂದಳು. ದೊಡ್ಡವಳು ಸಣ್ಣವಳಿಗೆ ಅನ್ನುವ ಹಾಗೆ ಅಂದದ್ದರಿಂದ ನನಗೆ ಸೇರಲಿಲ್ಲ. ಆದರೂ ಮರುದಿನ ನಾನೇ ಫೋನು ಮಾಡಿ, ಆ ಪೆಟ್ಟಿಗೆಯೊಳಗಿನ ಒಂದೊಂದು ತುಂಡೂ ಯಾಕಿದೆ ಎಂದು ಕೇಳಿದೆ. ಆಕೆಯ ಹಳೆಯ ಪುಸ್ತಕಗಳು ಮೂಡಲಗಿಯ ಮನೆಯ ಅಟ್ಟದ ಮೇಲಿದ್ದವು. ಇಳಿಸಿ ಓದಿದೆ. ಕಲಿಯಬೇಕೆಂಬ ಆಸೆಗಿಂತ ಆಕೆಯನ್ನು ಹಿಂದೆ ಹಾಕಬೇಕೆಂಬ ಹಟವೇ ಹೆಚ್ಚಾಗಿತ್ತು.

ಊರಿನ ಬೀದಿದೀಪಗಳು ಬಿಸಿಲೇರಿದರೂ ಉರಿಯುತ್ತಿದ್ದವು. ಆರಿಸುವವನು ಸೈಕಲ್ ಮೇಲೆ ಊರು ಸುತ್ತಿ ಬರುವುದರೊಳಗೆ ಶಾಲೆಯ ಗಂಟೆ ಹೊಡೆದಿರುತ್ತಿತ್ತು. ನಾನು ಸಾಹೇಬರಿಗೆ ಹೇಳಿ, ಬೆಳಕು ನೋಡಿ ತಾವೇ ಹತ್ತಿ ಆರುವ, ಬೇಕಾದಾಗ ಕಚೇರಿಯಿಂದಲೂ ಮೊಬೈಲಿನಲ್ಲಿ ಆರಿಸಲು ಬರುವ ಒಂದು ಪೆಟ್ಟಿಗೆ ಮಾಡಿದೆ. ಮೊದಲನೆಯದು ಸುಟ್ಟಿತು. ಎರಡನೆಯದು ಮೋಡ ಬಂದಾಗಲೆಲ್ಲ ದೀಪ ಹಚ್ಚಿ ಜನರನ್ನು ನಗಿಸಿತು. ಮೂರನೆಯದು ದಟ್ಟ ಮೋಡದ ದಿನ ಬಿಟ್ಟರೆ ಸರಿಯಾಗಿ ನಡೆಯಿತು. ಆದರೆ ಊರ ಜನ ಅದನ್ನೂ "ತಂಗೀ ಮಷಿನ್" ಅಂದರು. ಟಾಕಿಯ ಪೆಟ್ಟಿಗೆಗೆ ಅಂಟಿದ ಹೆಸರು ಇದಕ್ಕೂ ಅಂಟಿಕೊಂಡಿತು. "ಇದು ನಾ ಮಾಡಿದ್ದರಿ" ಎಂದು ಎಷ್ಟು ಜನರಿಗೆ ಹೇಳುವುದು?

ಆ ದೀಪದ ಸುದ್ದಿ ಹುಕ್ಕೇರಿ ಕಡೆಗೂ ಮುಟ್ಟಿತು. ಅಲ್ಲಿಯ ಒಂದು ಬಡಾವಣೆಯವರು ತಮ್ಮ ಓಣಿಗಳಿಗೂ ಅಂಥದನ್ನು ಹಚ್ಚಿಕೊಡಲು ಕೇಳಿದರು. ಅದು ತಂಗಿಯ ಮನೆಗೆ ಹತ್ತಿರದ ಜಾಗ. ಆದರೂ ಅವರು ಕರೆದದ್ದು ನನ್ನನ್ನು. ಬಸ್ಸಿನಲ್ಲಿ ಹೋಗುವಾಗ ಎಲ್ಲರಿಗೂ ಕೇಳುವ ಹಾಗೆ ಹಾಡಬೇಕು ಅನ್ನಿಸಿತು.

ನಾನು ಕಂಬಕ್ಕೆ ಏಣಿ ಹಚ್ಚಿ ಪೆಟ್ಟಿಗೆ ಕೂರಿಸುತ್ತಿದ್ದಾಗ ತಂಗಿ ಮಗುವನ್ನು ಕಂಕುಳಲ್ಲಿ ಇಟ್ಟುಕೊಂಡು ಬಂದಳು. ಕೆಳಗೆ ಜನ "ಅಕ್ಕಾರ, ಏಣಿ ಹಿಡಿಲೇನ್ರಿ?" ಎಂದು ನನ್ನ ಸುತ್ತ ನಿಂತಿದ್ದರು. ಯಾರೋ ಆಕೆಗೆ "ಸ್ವಲ್ಪ ಆಕಡೆ ಸರೀರಿ, ತಂತಿ ಅದಾವು" ಅಂದರು. ಆಕೆ ಸರಿದು ನಿಂತಳು. ನಾನು ಮೇಲಿಂದ ಆಕೆಯ ಮುಖ ನೋಡಿದೆ. ತುಟಿಯಲ್ಲಿ ನಗು ಇತ್ತು. ಕಣ್ಣು ಮಾತ್ರ ನನ್ನ ಕೈಯಲ್ಲಿದ್ದ ತಂತಿಯನ್ನು ಬಿಟ್ಟು ಕದಲಲಿಲ್ಲ. ಆ ಮುಖವನ್ನು ಬೇರೆಯವರು ಗುರುತಿಸಲಿಕ್ಕಿಲ್ಲ. ನನಗೆ ಗುರುತಿಸಲು ಹೊತ್ತು ಬೇಕಾಗಲಿಲ್ಲ.

ಇಂಥ ದಿನಕ್ಕಾಗಿ ಎಷ್ಟೋ ವರ್ಷ ಕಾದಿದ್ದೆ. ಅದು ಬಂದಾಗ ಖುಷಿ ಪಡಲು ಕೂತರೆ ಖುಷಿಯೇ ಆಗಲಿಲ್ಲ. ಆಕೆಯ ಸೆರಗಿನ ಮೇಲೆ ಮಗು ಕಾರಿದ ಹಾಲಿನ ಕಲೆ ಇತ್ತು. ಇಂಜಿನಿಯರ್ ಆಗಿದ್ದೂ ಆಕೆ ಒಂದು ತಂತಿ ಮುಟ್ಟಿ ಎಷ್ಟು ದಿನವಾಗಿತ್ತೋ.

ಏಣಿಯಿಂದ ಇಳಿದೆ. "ಕೂಸಿನ ಇಲ್ಲಿ ಕೊಡು" ಎಂದೆ.

"ಯಾಕ?"

"ಕೊಡು ಅಂದೆ. ನೀ ಹತ್ತು."

"ಮಂದಿ ಏನಂತಾರ ಅಕ್ಕಾ, ನಮ್ಮ ಅತ್ತಿಯವರು…"

"ಅತ್ತಿಯವರಿಗೂ ದೀಪ ಬೇಕಲ್ಲ?"

ಆಕೆ ಸೀರೆ ಎತ್ತಿ ಸಿಕ್ಕಿಸಿಕೊಂಡು ಏಣಿ ಹತ್ತಿದಳು. ಪೆಟ್ಟಿಗೆಯೊಳಗೆ ಇಣುಕಿ, ನಾನು ಹಾಕಿದ ಜೋಡಣೆಯನ್ನು ಒಮ್ಮೆ ನೋಡಿದಳು. ಎರಡು ತಂತಿ ಕಿತ್ತು ಅದಲುಬದಲು ಮಾಡಿದಳು.

"ಅಕ್ಕಾ, ಹಿಂಗ ಮಾಡಿದ್ರ ಮೋಡ ಬಂದ್ರೂ ಎಂದೂ ತಪ್ಪಂಗಿಲ್ಲ" ಎಂದಳು. ದನಿಯಲ್ಲಿ ಹಾಸ್ಟೆಲಿನಿಂದ ಶನಿವಾರ ಬರುತ್ತಿದ್ದ ಹುಡುಗಿಯ ಹುರುಪಿತ್ತು.

ಸಂಜೆ ಓಣಿಯ ದೀಪಗಳು ಒಟ್ಟಿಗೆ ಹತ್ತಿಕೊಂಡವು. ಜನ ತಂಗಿಯ ಕಡೆ ತಿರುಗಿ ಮೆಚ್ಚಿ ಮಾತಾಡಿದರು. ನಾನು ಮಗುವನ್ನು ಹೆಗಲಿಗೆ ಹಾಕಿಕೊಂಡು ಕಂಬದ ಕೆಳಗೆ ನಿಂತಿದ್ದೆ. ನನ್ನ ತಲೆಗೆ ಹೊಳೆಯದ ಆ ಎರಡು ತಂತಿಗಳ ಅದಲುಬದಲಿಗಾಗಿ ಹೊಟ್ಟೆಯಲ್ಲಿ ಮತ್ತೆ ಸಣ್ಣಗೆ ಉರಿ ಹತ್ತಿತು. ಮಗು ನಿದ್ದೆ ಹೋಗಿತ್ತು. ಎಚ್ಚರವಾಗದಂತೆ ಅದರ ಬೆನ್ನು ತಟ್ಟುತ್ತ, ಜನ ಚದುರಿದ ಮೇಲೆ ಆ ಜೋಡಣೆಯನ್ನು ತಂಗಿಯಿಂದ ಹೇಗೆ ಕೇಳಿ ಕಲಿಯಬೇಕು ಎಂದು ಯೋಚಿಸುತ್ತಿದ್ದೆ.